ಬ್ರೀಡಾಗೆ ಬಿಳಿ ಸೇವಂತಿಗೆ

ಅರವತ್ತಮೂರರ ನಾಗಮಣಿಗೆ ಸುಮ್ಮನೆ ಕೂರುವ ಜಾಯಮಾನವೇ ಇಲ್ಲ. ಐರ್ಲೆಂಡಿನ ನೇಸ್‌ಗೆ, ಮಗ ಮಿಥುನ್‌ನ ಮನೆಗೆ ಬಂದ ಮೇಲೂ ಅಷ್ಟೇ. ಲೈಬ್ರರಿಯಲ್ಲಿ ಮಿಚಿಕೋ ಎಂಬಾಕೆ ಜಪಾನಿನ ಶಾಯಿ ಚಿತ್ರ ಕಲಿಸುತ್ತಾಳೆಂದು ಕಿವಿಗೆ ಬಿದ್ದದ್ದೇ ತಡ, ಹೋಗಿ ಸೇರಿಕೊಂಡಳು. ಅಲ್ಲಿ ಒಂದೊಂದು ಗಿಡಕ್ಕೂ ಒಂದೊಂದು ಅರ್ಥ. ಬಿದಿರು ಅಂದರೆ ಬಾಗಿದರೂ ಮುರಿಯದ ಗಟ್ಟಿತನ. ಸೇವಂತಿಗೆ ಅಂದರೆ ಮಂಜಿಗೂ ಬಗ್ಗದ ದೀರ್ಘಾಯುಷ್ಯ.

ನಾಗಮಣಿಗೆ ಇಷ್ಟು ಸಾಕಾಯಿತು. ಪಕ್ಕದ ಮನೆಯ ಬ್ರೀಡಾ, ಎಂಬತ್ತೆರಡರ ಮುದುಕಿ, ಈ ಊರಲ್ಲಿ ಅವಳಿಗಿದ್ದ ಒಬ್ಬಳೇ ಗೆಳತಿ. ಮೂರು ವಾರ ಆಸ್ಪತ್ರೆಯಲ್ಲಿದ್ದು ಅಂದು ಮನೆಗೆ ಬರುವವಳಿದ್ದಳು. ನಾಗಮಣಿ ಬಿಳಿ ಸೇವಂತಿಗೆ ಬರೆದು, ಕಟ್ಟು ಹಾಕಿಸಿ, ಗಿಡಕ್ಕೆ ನೀರು ಹಾಕಲೆಂದು ಬ್ರೀಡಾ ಕೊಟ್ಟಿದ್ದ ಕೀಲಿಯಿಂದ ಬಾಗಿಲು ತೆಗೆದು, ಅಡುಗೆಮನೆಯ ಗೋಡೆಗೆ ತೂಗುಹಾಕಿ ಬಂದಳು. ಬಂದವಳೇ ಮೊಮ್ಮಗಳು ಸ್ಪಂದನಾಗೆ ಹೆಮ್ಮೆಯಿಂದ ಹೇಳಿದಳು.

ಹುಡುಗಿ ಕಣ್ಣರಳಿಸಿದಳು. "ಅಜ್ಜೀ, ದೇ ಪುಟ್ ದೋಸ್ ಆನ್ ಕಾಫಿನ್ಸ್!"

ಇಲ್ಲಿ ಶವಪೆಟ್ಟಿಗೆಯ ಮೇಲೆ ಸತ್ತವರ ಹೆಸರನ್ನು ಬಿಳಿ ಸೇವಂತಿಗೆಯಲ್ಲೇ ಜೋಡಿಸುತ್ತಾರಂತೆ. ನಾಗಮಣಿ ಹಣೆ ಚಚ್ಚಿಕೊಂಡಳು. ನಮ್ಮಲ್ಲಿ ಸೇವಂತಿಗೆಯಿಲ್ಲದೆ ದೇವರಿಗೆ ಅಲಂಕಾರವಿಲ್ಲ, ಮದುಮಗಳಿಗೆ ಜಡೆಯಿಲ್ಲ. ಅದನ್ನೇ ನಂಬಿ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸಾವಿನ ದವಡೆಯಿಂದ ಬಂದವಳಿಗೆ ಸಾವಿನ ಹೂವು! ಇದ್ದೊಬ್ಬ ಗೆಳತಿಯೂ ಮುಖ ತಿರುಗಿಸಿದರೆ?

"ನನ್ನ ಕೈ ಸೇದಿಹೋಗ!" ಎನ್ನುತ್ತಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಟ್ಯಾಕ್ಸಿ ಆಗಲೇ ಬಂದು ಹೋಗಿತ್ತು. ಬ್ರೀಡಾ ಅಡುಗೆಮನೆಯಲ್ಲಿ ಕೋಲೂರಿಕೊಂಡು ಚಿತ್ರದ ಮುಂದೆ ನಿಂತಿದ್ದಳು.

"ತಪ್ಪಾಯ್ತು! ಜಪಾನಲ್ಲಿ ಇದಕ್ಕೆ ದೀರ್ಘಾಯುಷ್ಯ ಅಂತ ಅರ್ಥ. ಇಲ್ಲೀದು ನಂಗೆ ಗೊತ್ತಿರ್ಲಿಲ್ಲ. ತೆಗೆದುಬಿಡ್ತೀನಿ," ಎಂದು ನಾಗಮಣಿ ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಗೋಗರೆದಳು.

ಬ್ರೀಡಾ ಕೋಲನ್ನು ಅಡ್ಡ ಹಿಡಿದಳು. "ಮುಟ್ಟಿದ್ರೆ ನೋಡು! ನನ್ನ ಗಂಡನಿಗೆ ಇದೇ ಹೂವಲ್ಲಿ ಹೆಸರು ಬರೆಸಿದ್ವಿ. ಪಾಪ, ನೋಡೋಕೆ ಅವನೇ ಇರ್ಲಿಲ್ಲ. ನಾನು ಕಣ್ತುಂಬ ನೋಡ್ತಿದೀನಿ. ಗ್ರ್ಯಾಂಡ್ ಆಗಿದೆ!"

ಹೇಳುತ್ತಲೇ ನಗತೊಡಗಿದಳು. ನಾಗಮಣಿಗೆ ಹೋದ ಜೀವ ಬಂದಂತಾಯಿತು; ಅಳುತ್ತಲೇ ಅವಳೂ ನಕ್ಕಳು.

"ಪ್ರತಿ ಹುಟ್ಟುಹಬ್ಬಕ್ಕೂ ಒಂದು ಬರೆದುಕೊಡು," ಎಂದಳು ಬ್ರೀಡಾ. "ನೂರಾಗೋವರೆಗೂ. ಹದಿನೆಂಟು ಚಿತ್ರ."

ನಾಗಮಣಿ ಬೆರಳು ಮಡಚಿ ತನ್ನ ವಯಸ್ಸಿಗೂ ಹದಿನೆಂಟು ಕೂಡಿಸಿ ನೋಡಿದಳು. ಎಂಬತ್ತೊಂದು!

"ಅಯ್ಯೋ, ಹಂಗಾದ್ರೆ ನಾನೂ ಬದುಕಿರಬೇಕಲ್ರೀ!"