ಬಿತ್ತುವ ಮೊದಲು ಮಣ್ಣನ್ನು ವಿಚಾರಿಸಿದರು

ಮೂರು ವಸತಿ ಕಟ್ಟಡಗಳ ನಡುವೆ ಒಂದು ಖಾಲಿ ಜಾಗವಿತ್ತು. ಅಂಥ ಜಾಗ ನೀವೂ ನೋಡಿರುತ್ತೀರಿ. ಯಾರೂ ಅದನ್ನು ತಮ್ಮದು ಅನ್ನುವುದಿಲ್ಲ, ಕಸ ಎಸೆಯುವಾಗ ಮಾತ್ರ ಎಲ್ಲರದೂ ಆಗುತ್ತದೆ. ಮೇಲಿನ ಮಹಡಿಗಳಿಂದ ಕಟ್ಟಿದ ಚೀಲಗಳು ಧೊಪ್ಪೆಂದು ಬೀಳುತ್ತಿದ್ದವು. ಒಡೆದ ಬಕೆಟ್, ಹರಿದ ಹಾಸಿಗೆ, ನಿಂತ ನೀರು, ಅದರ ತುಂಬ ಸೊಳ್ಳೆ.

ಆ ಜಾಗಕ್ಕೆ ಅಂಟಿಕೊಂಡ ನೆಲಮಹಡಿಯ ಮನೆಯಲ್ಲಿ ಒಬ್ಬ ಟೈಲರ್ ಹೆಂಗಸು ಇದ್ದಳು. ಐದು ತಿಂಗಳ ಬಸುರಿ. ಗಂಡ ಬಸ್ ಓಡಿಸುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅವಳು, ಹೊಲಿಗೆ ಯಂತ್ರ ಮತ್ತು ಮಾವ. ಮಾವ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಯಾರು ಏನು ಹೇಳಿದರೂ "ಆದ್ರೆ" ಎಂದೇ ಬಾಯಿ ತೆರೆಯುತ್ತಿದ್ದರಿಂದ ಇಡೀ ಕಟ್ಟಡಕ್ಕೆ ಅವರು ಆದ್ರೆ ತಾತ.

ಒಂದು ಮಧ್ಯಾಹ್ನ ಮೂರನೇ ಮಹಡಿಯ ನರ್ಸ್ ತನ್ನ ಸಮವಸ್ತ್ರದ ಸೊಂಟದ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಲು ಬಂದಳು.

"ಆ ಜಾಗದಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯೋಣ ಅಂತಿದೀವಿ ಕಣೆ. ನಗರಸಭೆಯಿಂದ ಕಾಗದದಲ್ಲಿ ಒಪ್ಪಿಗೆ ಸಿಕ್ಕಿದೆ. ಭಾನುವಾರ ಕಸ ಎತ್ತೋದು" ಎಂದಳು.

"ಆದ್ರೆ ನೀರು ಯಾರು ಹಾಕ್ತಾರೆ?" ಮಾವ ಪೇಪರಿನ ಹಿಂದಿನಿಂದ ಕೇಳಿದರು.

"ದಿನಕ್ಕೊಂದು ಮನೆ ತಾತ. ಹದಿನಾಲ್ಕು ಮನೆಯವರು ಒಪ್ಪಿದ್ದಾರೆ."

"ಆದ್ರೆ ಯಾರಾದ್ರೂ ಕದ್ಕೊಂಡು ಹೋದ್ರೆ?"

"ಸೊಪ್ಪು ಕದ್ದವನು ಸೊಪ್ಪು ತಿಂತಾನೆ. ನಮ್ಮ ಆಸ್ಪತ್ರೆಗೆ ಬರೋರು ಒಬ್ಬರು ಕಡಿಮೆಯಾದ್ರು ಅಂದ್ಕೊಳ್ಳಿ."

ಟೈಲರ್ ನಕ್ಕಳು. "ನಾನು ಆಗ್ಲೇ ಶುರು ಮಾಡಿದೀನಿ ಅಕ್ಕ. ರಕ್ತ ಕಡಿಮೆ ಇದೆ, ಸೊಪ್ಪು ತಿನ್ನು ಅಂದಿದ್ರಲ್ಲ. ಹೋದ ತಿಂಗಳು ಮಾವಂಗೂ ಹೇಳದೆ ಗೋಡೆ ಪಕ್ಕ ಬೀಜ ಚೆಲ್ಲಿದ್ದೆ. ಇವತ್ತು ಮೊದಲ ಸಲ ಕಿತ್ತಿದೀನಿ." ಅಡುಗೆ ಕಟ್ಟೆಯ ಮೇಲೆ ಒಂದು ಹಿಡಿ ಹಸಿರು ಸೊಪ್ಪು ತೊಳೆದು ಇಟ್ಟಿತ್ತು.

"ಮಣ್ಣು ಕಪ್ಪಗಿದೆ, ಚೆನ್ನಾಗೇ ಬೆಳೆಯುತ್ತೆ" ಎಂದಳು ನರ್ಸ್.

ಮಾವ ಪೇಪರ್ ಮಡಚಿದರು. "ಆದ್ರೆ ಕಪ್ಪಗೆ ಯಾಕಿದೆ ಅಂತ ಯಾರಾದ್ರೂ ಕೇಳಿದ್ರಾ?"

ಟೈಲರ್ ಯಂತ್ರ ಬಿಟ್ಟು ಮಾವನತ್ತ ತಿರುಗಿದಳು.

"ಮೂವತ್ತು ವರ್ಷದ ಹಿಂದೆ ಈ ಕಟ್ಟಡಕ್ಕೆ ಲಿಫ್ಟ್ ಕೂರಿಸೋಕೆ ಬಂದಿದ್ದೆ. ಆಗ ಅಲ್ಲೊಂದು ಶೆಡ್ ಇತ್ತು. ಹಳೇ ಗಾಡಿ ಬ್ಯಾಟರಿ ಒಡೆದು ಸೀಸ ಕರಗಿಸ್ತಿದ್ರು. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ."

ನರ್ಸಿನ ಮುಖ ಬದಲಾಯಿತು. ಎದ್ದು ಹೋಗಿ ಆ ಸೊಪ್ಪನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. "ಇದನ್ನ ತಿನ್ಬೇಡ. ಸೀಸ ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ. ಬಸುರಿ ಹೆಂಗಸಿಗೆ, ಹೊಟ್ಟೆಯ ಮಗುವಿನ ಮೆದುಳಿಗೆ ತುಂಬಾ ಕೆಟ್ಟದ್ದು. ಮಣ್ಣು ಪರೀಕ್ಷೆ ಮಾಡಿಸೋಣ. ನಿನ್ನ ರಕ್ತಾನೂ ನೋಡಿಸೋಣ."

ಟೈಲರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟಳು. ಮಣ್ಣಿನಲ್ಲಿ ಬರಿಗೈಯಲ್ಲೇ ಕೆಲಸ ಮಾಡಿದ್ದಳು.

ಮರುದಿನ ಮಾವನೇ ಕೈಗವಸು ಹಾಕಿಕೊಂಡು ಜಾಗಕ್ಕೆ ಇಳಿದರು. ಐದು ಕಡೆ ಅಗೆದು ಸ್ವಲ್ಪ ಸ್ವಲ್ಪ ಮಣ್ಣು ತೆಗೆದು, ಬೆರೆಸಿ, ಚೀಲಕ್ಕೆ ತುಂಬಿದರು. ನರ್ಸ್ ಅದನ್ನು ಪ್ರಯೋಗಾಲಯಕ್ಕೆ ಕೊಟ್ಟಳು. ಉತ್ತರ ಬರಲು ಹತ್ತು ದಿನ. ಆ ಹತ್ತು ದಿನ ಮಾವ ಒಂದು ಕಡೆ ಕೂರಲಿಲ್ಲ. ಸೀಸ ಗಿಡದೊಳಗೆ ಹೋಗುತ್ತದೆಯೇ, ಎಲೆಗೆ ಹೆಚ್ಚೋ ಗೆಡ್ಡೆಗೆ ಹೆಚ್ಚೋ, ತೊಳೆದರೆ ಹೋಗುತ್ತದೆಯೇ? ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನರ್ಸನ್ನು ನಿಲ್ಲಿಸಿ ಕೇಳುತ್ತಿದ್ದರು. ಅವಳಿಗೆ ಗೊತ್ತಿಲ್ಲದ್ದನ್ನು ಅವಳು ಕೃಷಿ ಕಚೇರಿಗೆ ಫೋನ್ ಮಾಡಿ ಕೇಳುತ್ತಿದ್ದಳು.

ಮೊದಲು ರಕ್ತದ ವರದಿ ಬಂತು. ಭಯಪಡುವಂಥದ್ದೇನೂ ಇರಲಿಲ್ಲ. ಟೈಲರ್ ಅಂದು ಹೊಟ್ಟೆ ತುಂಬ ಊಟ ಮಾಡಿದಳು. ಎರಡು ದಿನದ ನಂತರ ಮಣ್ಣಿನ ವರದಿಯೂ ಬಂತು. ಸೀಸ ಸುರಕ್ಷಿತ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ವರದಿಗಾಗಿ ಮುಂದೂಡಿದ್ದ ಕಸ ಎತ್ತುವ ಕೆಲಸಕ್ಕೆ ಸೇರಿದ್ದವರೆಲ್ಲ ಪೊರಕೆ ಹಿಡಿದು ನಿಂತಿದ್ದರು. "ಹಾಗಾದ್ರೆ ಬಿಟ್ಟುಬಿಡೋಣ" ಎಂದರು ಒಬ್ಬರು.

"ಆದ್ರೆ ಯಾಕೆ ಬಿಡ್ಬೇಕು?" ಎಂದರು ಮಾವ. ಎಲ್ಲರೂ ಅವರತ್ತ ತಿರುಗಿದರು. "ಕೆಟ್ಟಿರೋದು ಮಣ್ಣು, ಬಿಸಿಲು ಕೆಟ್ಟಿಲ್ಲ. ಆ ಮಣ್ಣನ್ನ ಮುಚ್ಚೋಣ. ಗಿಡಾನ ಮೇಲಕ್ಕೆ ಎತ್ತೋಣ. ಜೀವಮಾನವೆಲ್ಲ ನಾನು ಮಾಡಿದ್ದು ಅದೇ ಕೆಲಸ ತಾನೆ?"

ಹಾಗೆಯೇ ಮಾಡಿದರು. ಧೂಳು ಏಳದಂತೆ ನೆಲ ಒದ್ದೆ ಮಾಡಿ ಕಸ ತೆಗೆದರು. ನೆಲದ ಮೇಲೆ ದಪ್ಪ ಬಟ್ಟೆ ಹಾಸಿ ಜಲ್ಲಿ ಹರಡಿದರು. ಮಾವ ಕಬ್ಬಿಣದ ಕಾಲುಗಳ ಮೇಲೆ, ಬಸುರಿ ಸೊಸೆಗೆ ಬಗ್ಗದೇ ಕೈ ಎಟುಕುವಷ್ಟು ಎತ್ತರಕ್ಕೆ, ಹನ್ನೊಂದು ಚೌಕಟ್ಟು ನಿಲ್ಲಿಸಿದರು. ಟೈಲರ್ ಗಟ್ಟಿ ಕ್ಯಾನ್‌ವಾಸಿನಲ್ಲಿ ದೊಡ್ಡ ದೊಡ್ಡ ಚೀಲ ಹೊಲಿದು, ನೀರು ಬಸಿಯಲು ತಳದಲ್ಲಿ ತೂತು ಬಿಟ್ಟಳು. ಒಳ್ಳೆಯ ಮಣ್ಣು ಹೊರಗಿನಿಂದ ಬಂತು. ಗೊಬ್ಬರಕ್ಕೆ ಮನೆಮನೆಯ ತರಕಾರಿ ಸಿಪ್ಪೆ. ಮೊದಲ ವಾರ ಗೊಬ್ಬರದ ಡ್ರಮ್ಮು ಗಬ್ಬೆಂದು ನಾರಿ, ಹದಿನಾಲ್ಕು ಮನೆಗಳಲ್ಲಿ ಸೇರದಿದ್ದ ಎರಡನೇ ಮಹಡಿಯವರು ಜಗಳಕ್ಕೇ ಬಂದರು. ಮಾವ ಮುಚ್ಚಳ ತೆಗೆದು ಇಣುಕಿ, ಕೋಲಾಡಿಸಿ, ಬರೀ ಹಸಿ ಕಸ ತುಂಬಿದ್ದನ್ನು ಕಂಡುಹಿಡಿದರು. ಒಂದು ಪದರ ಸಿಪ್ಪೆಗೆ ಒಂದು ಪದರ ಒಣ ಎಲೆ ಹಾಕತೊಡಗಿದ ಮೇಲೆ ವಾಸನೆ ನಿಂತಿತು.

ಒಂದೂವರೆ ತಿಂಗಳಲ್ಲಿ ಚೀಲಗಳಿಂದ ಸೊಪ್ಪು ಹೊರಗೆ ಬಾಗಿತು. ಟೊಮೆಟೊ ಹೂ ಬಿಟ್ಟಿತು. ಕೊಯ್ದದ್ದನ್ನು ಮೊದಲ ಸಲ ಹದಿನಾಲ್ಕು ಪಾಲು ಮಾಡಿದಾಗ ಎರಡನೇ ಮಹಡಿಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಟೈಲರ್ ತನ್ನ ಪಾಲಿನಲ್ಲೇ ಅರ್ಧ ಕೊಟ್ಟು, "ನಾಳೆ ನೀರು ಹಾಕೋ ಸರದಿ ನಿಮ್ಮದು" ಎಂದಳು. ಅವರು ಬಂದರು.

ಮುಂದಿನ ತಪಾಸಣೆಯಲ್ಲಿ ಟೈಲರ್‌ನ ರಕ್ತದ ಪ್ರಮಾಣ ಹೆಚ್ಚಿತ್ತು. "ಕಬ್ಬಿಣದ ಮಾತ್ರೆ ಬಿಡ್ಬೇಡ, ಸೊಪ್ಪೂ ಬಿಡ್ಬೇಡ" ಎಂದಳು ನರ್ಸ್. ಹೆಣ್ಣು ಮಗು ಹುಟ್ಟಿತು, ಆರೋಗ್ಯವಾಗಿತ್ತು. ಬಸ್ ಓಡಿಸುವ ಗಂಡ ಈಗ ರಜೆಯ ದಿನ ಅಪ್ಪನ ಜೊತೆ ಬದನೆಗೆ ಕೋಲು ಕಟ್ಟುತ್ತಾನೆ.

ಓದುವವರೇ, ಕೇಳುವವರೇ, ನಿಮ್ಮ ಕಟ್ಟಡದ ಹಿಂದೆಯೂ, ತಾರಸಿಯ ಮೇಲೂ ಇಂಥ ಜಾಗ ಇದ್ದೀತು. ಅದು ಯಾರದೆಂದು ತಿಳಿದು ಒಪ್ಪಿಗೆಯನ್ನು ಕಾಗದದಲ್ಲೇ ಪಡೆಯಿರಿ. ಅಲ್ಲಿ ಹಿಂದೆ ಏನಿತ್ತೆಂದು ಹಳಬರನ್ನು ಕೇಳಿ, ಮಣ್ಣು ಪರೀಕ್ಷೆ ಮಾಡಿಸಿ. ಸಂದೇಹವಿದ್ದರೆ ಚೀಲದಲ್ಲಿ, ತೊಟ್ಟಿಯಲ್ಲಿ ಬೆಳೆಯಿರಿ. ನಿಮ್ಮ ಸಭೆಯಲ್ಲಿ ಪ್ರಶ್ನೆ ಕೇಳುತ್ತಲೇ ಇರುವವರನ್ನು ಹೊರಗೆ ಕಳಿಸಬೇಡಿ, ಮೊದಲ ಸಾಲಿನಲ್ಲಿ ಕೂರಿಸಿ. ಈ ಭಾನುವಾರ ಪಕ್ಕದ ಮನೆಯ ಬಾಗಿಲು ತಟ್ಟಿ. ಉಳಿದದ್ದನ್ನು ಇಬ್ಬರೂ ಸೇರಿ ಯೋಚಿಸಬಹುದು.