ಮೂರು ಹಸಿರಿನ ಗೋಡೆ

ಇದು ಬಣ್ಣದ ತಪ್ಪೋ, ಬೆಳಕಿನ ತಪ್ಪೋ? ಅಥವಾ ತನ್ನ ಕಣ್ಣೇ ಕೈ ಕೊಡುತ್ತಿದೆಯೋ? ಕಿಟಕಿಯ ಎಡಕ್ಕಿರುವ ಹಸಿರೂ ಬಲಕ್ಕಿರುವ ಹಸಿರೂ ಒಂದೇ ಎಂದು ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಒಪ್ಪುತ್ತಿರಲಿಲ್ಲ. ಅವನು ಟ್ಯೂಬ್‌ಲೈಟ್ ಆರಿಸಿ ನೋಡಿದ, ಹಾಕಿ ನೋಡಿದ. ಬಾಗಿಲವರೆಗೂ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲಿಂದ ನೋಡಿದರೂ ಗೋಡೆ ತೇಪೆ ಹಾಕಿದ ಅಂಗಿಯಂತೆಯೇ ಕಾಣುತ್ತಿತ್ತು.

ಅದು ಅಕ್ಕನ ಮನೆಯ ಹಜಾರ. ಡಿಗ್ರಿ ಮುಗಿಸಿ, ಕೆಲಸ ಸಿಗುವವರೆಗೆ ಎಂದು ಬಂದವನು ಇನ್ನೂ ಇಲ್ಲೇ ಉಳಿದಿದ್ದ. ಭಾವ ಬಾಯಿಬಿಟ್ಟು ಏನೂ ಅಂದವರಲ್ಲ. ಊಟಕ್ಕೆ ಕೂತಾಗ ಪೇಪರಿನ ಜಾಹೀರಾತು ಪುಟವನ್ನು ಮಡಚಿ ಇವನ ತಟ್ಟೆಯ ಪಕ್ಕಕ್ಕೆ ಸರಿಸುತ್ತಿದ್ದರು, ಅಷ್ಟೆ. ಗೋಡೆಗೆ ಬಣ್ಣ ಹೊಡೆಸುವ ಮಾತು ಬಂದಾಗ ಅಕ್ಕನೇ ಮುಂದೆ ಬಿದ್ದಿದ್ದಳು.

"ಪೇಂಟರ್ ಯಾಕ್ರೀ? ನನ್ನ ತಮ್ಮ ಇಲ್ವಾ? ಅವನ ಕೈಲಿ ಆಗದೇ ಇರೋದು ಏನಿದೆ?"

ಆ ಮಾತು ಉಳಿಸುವ ಭಾರ ಈಗ ಅವನ ತಲೆಯ ಮೇಲಿತ್ತು.

ಅಂಗಡಿಯವನು ಹೇಳಿದ ಹಾಗೆ ಮೆಷಿನ್‌ನಲ್ಲೇ ಬಣ್ಣ ಬೆರೆಸಿ ತಂದಿದ್ದರೆ ಆಗುತ್ತಿತ್ತು. ಆದರೆ ಅದಕ್ಕೆ ಕೇಳಿದ ದುಡ್ಡು ನೋಡಿ ಮೈ ಉರಿದು, ಬರೀ ಬಿಳಿ ಪೇಂಟನ್ನೂ ಅದಕ್ಕೆ ಬಣ್ಣ ಕೊಡಲು ಬೆರೆಸುವ ಹಸಿರು ಸ್ಟೇನರಿನ ಪುಟ್ಟ ಬಾಟಲಿಯನ್ನೂ ಕೊಂಡು, ಏನೋ ಗೆದ್ದವನ ಹಾಗೆ ಮನೆಗೆ ಬಂದಿದ್ದ. ಉಳಿದರೆ ದಂಡವೆಂದು ಅರ್ಧ ಬಕೆಟ್ ಮಾತ್ರ ಕಲಸಿದ. ಆ ಬಣ್ಣ ಅರ್ಧ ಗೋಡೆಗೆ ಮುಗಿಯಿತು. ಎರಡನೆಯ ಸಲ ಕಲಸುವಾಗ, ಒಣಗಿದ ಗೋಡೆಯ ಪಕ್ಕ ಹಸಿ ಬ್ರಷ್ ಹಿಡಿದು, ಎರಡೂ ಹೊಂದುವವರೆಗೂ ಸ್ಟೇನರ್ ತೊಟ್ಟಿಕ್ಕಿಸಿದ. ಹೊಂದಿತು. ಬಳಿದ. ಒಣಗಿದ ಮೇಲೆ ನೋಡಿದರೆ ಪಾಚಿಗಟ್ಟಿದ ಹಾಗಿತ್ತು. ಹಸಿಯಿದ್ದಾಗ ತಿಳಿಯಾಗಿ ಕಾಣುವ ಬಣ್ಣ ಒಣಗಿದರೆ ಗಾಢವಾಗುತ್ತದೆಂದು ಹೊಳೆದದ್ದು ಆಮೇಲೆ. ಬಿಳಿ ಸುರಿದು ಸರಿಮಾಡಲು ಹೋದ, ಮೂರನೆಯದು ಪೇಲವವಾಯಿತು. ಅಷ್ಟರಲ್ಲಿ ಬಿಳಿ ಪೇಂಟಿನ ಡಬ್ಬವೂ ತಳ ಕಂಡಿತ್ತು.

ಅಕ್ಕ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಇದೇನೋ ಇದು? ಆಟದ ಮೈದಾನದಲ್ಲಿ ಅಲ್ಲಲ್ಲಿ ಹುಲ್ಲು ಬೆಳೆದ ಹಾಗಿದೆ!"

"ಒಣಗಿದ್ರೆ ಸರಿಹೋಗುತ್ತೆ."

"ಒಣಗಿದೆಯಲ್ಲೋ." ಗೋಡೆ ಮುಟ್ಟಿ, ಬೆರಳು ತೋರಿಸಿದಳು.

"ಸುಮ್ನೆ ತಲೆ ತಿನ್ಬೇಡ ಅಕ್ಕಾ. ಮೆಷಿನ್ ದುಡ್ಡು ಉಳಿಸೋಣ ಅಂತ ಮನೇಲೇ ಕಲಸಿದೆ. ಏನೀಗ?"

ಅವಳು ಖಾಲಿ ಡಬ್ಬವನ್ನೆತ್ತಿ ಮೂಲೆಗಿಟ್ಟಳು. ಅದೇ ಅವನನ್ನು ಇನ್ನಷ್ಟು ರೇಗಿಸಿತು. ಬೈದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು.

ಹೊರಗೆ ಬೈಕ್ ನಿಂತ ಸದ್ದಾಯಿತು. ಭಾವ ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತರು. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಏನಪ್ಪಾ ವಿಜ್ಞಾನಿ, ಗೋಡೆಗೆ ಯಾವ ಕಾಯಿಲೆ?"

ಆಗಷ್ಟೇ ಬಕೆಟ್‌ಗೆ ಅದ್ದಿ ಅವನು ಕೈಯಲ್ಲಿ ಹಿಡಿದಿದ್ದ ಬ್ರಷ್ಷಿನಿಂದ ಬಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಬಾಯಿ ತೆರೆಯುವುದರೊಳಗೆ ಅಕ್ಕ ಮಾತಾಡಿದ್ದಳು.

"ಅವನನ್ನ ಯಾಕೆ ಅಂತೀರಿ? ನಾನೇ ಹೇಳಿದ್ದು. ಮೆಷಿನ್‌ದು ದುಬಾರಿ, ಬಿಳಿ ತಂದು ಮನೇಲೇ ಕಲಸು ಅಂತ. ಪಾಪ, ಅವನು ಬೇಡ ಬೇಡ ಅಂತಲೇ ಇದ್ದ."

ಭಾವನ ಮುಖ ಅವಳ ಕಡೆ ತಿರುಗಿತು. "ನಿಂಗ್ಯಾಕೆ ಬೇಕಿತ್ತೇ ಈ ಅಧಿಕಪ್ರಸಂಗ? ಗೊತ್ತಿಲ್ಲದ್ದಕ್ಕೆಲ್ಲ ಮೂಗು ತೂರಿಸೋದೇ ಆಯ್ತು ನಿಂದು. ಈಗ ಎರಡೆರಡು ಖರ್ಚು. ಹುಡುಗನ ಶ್ರಮನೂ ಮಣ್ಣುಪಾಲು."

"ಆಯ್ತು ಬಿಡ್ರೀ. ತಪ್ಪಾಯ್ತು."

ಭಾವ ಒಳಗೆ ಬಂದು, ಈ ಮನೆಯಲ್ಲಿ ಮೊದಲ ಸಲ, ಅವನ ಹೆಗಲ ಮೇಲೆ ಕೈಯಿಟ್ಟರು. "ನಿಂದೇನೂ ತಪ್ಪಿಲ್ಲ ಕಣಯ್ಯಾ. ಇವಳ ಮಾತು ಕೇಳಿದೆಯಲ್ಲ, ಅಷ್ಟೇ. ಪೇಂಟರ್‌ಗೆ ಫೋನ್ ಮಾಡ್ತೀನಿ. ಹೋಗು, ಕೈ ತೊಳ್ಕೊ."

ಆ ಕೈ ಹಗುರವಾಗಿತ್ತು, ಬೆಚ್ಚಗಿತ್ತು. ಅದನ್ನು ಕೊಡವಿಕೊಳ್ಳಲು ಅವನಿಂದ ಆಗಲಿಲ್ಲ. ಅಕ್ಕ ಹಳೆಯ ಬಟ್ಟೆ ತಂದು, ಕುಕ್ಕರಗಾಲಲ್ಲಿ ಕೂತು, ಅವನ ಪಾದದ ಸುತ್ತ ಬಿದ್ದ ಬಣ್ಣ ಒರೆಸತೊಡಗಿದಳು. ತಲೆ ಎತ್ತಿ ನೋಡಲಿಲ್ಲ.

ಅಂಗಡಿಯಲ್ಲಿ ಮೆಷಿನ್ ಬೇಡವೆಂದದ್ದು ತಾನು, ಅಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ ಎಂದು ಅವನು ಆಗ ಭಾವನಿಗೆ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.