ಮೂರನೆಯ ಕೊಕ್ಕೆ

ಹನ್ನೊಂದನೆಯ ಜೋಡಿ ಸ್ಕೀಯ ತಳಕ್ಕೆ ಸೀಮೆಎಣ್ಣೆ ಸವರಿ, ಹಳೆಯ ಅಂಟುಮೇಣವನ್ನು ತಗಡಿನ ಚೂರಿನಿಂದ ಕೆರೆಯುತ್ತಿದ್ದೆ. ಹೊರಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಬೆಳಗಿನಿಂದ ಸುರಿಯುತ್ತಿತ್ತು. ನನ್ನ ಗಂಡ ಓಸ್ಮುಂಡ್ ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಊರುಗೋಲಿನ ತುದಿಯಿಂದ ತೋರಿಸಿ ತೋರಿಸಿ ಕೆಲಸ ಹೇಳುತ್ತಿದ್ದ.

"ಬಾಲ ಬಿಟ್ಟೆ ನೋಡು, ಹಿಂದಿನ ತುದಿ. ಕಣ್ಣಿಗೂ ಮೇಣ ಹತ್ತಿದ್ಯಾ?"

"ಕಾಣಿಸ್ತಿದೆ ಬಿಡು."

"ನಲವತ್ತೆಂಟು ವರ್ಷದಿಂದ ಹೇಳ್ಕೊಡ್ತಿದೀನಿ. ಕುರಿಗೆ ಹೇಳಿದ್ರೆ ಅದೂ ಕಲೀತಿತ್ತು."

ಶುಕ್ರವಾರ ನಾವು ಫಿಯೊರ್ಡ್ ಕೊಲ್ಲಿಯ ಆಚೆ ದಡದಲ್ಲಿರುವ ವೃದ್ಧರ ವಸತಿಗೆ ಹೋಗುವವರಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ನೆಲಮಾಳಿಗೆಯಲ್ಲಿ ತಂತಿಬಲೆಯ ಗೋಡೆಗಳಿರುವ ಒಂದು ಗೂಡು. ಆ ಗೂಡಿನಲ್ಲಿ ಸ್ಕೀ ನೇತುಹಾಕಲು ಮೂರೇ ಕೊಕ್ಕೆ. ಓಸ್ಮುಂಡನ ಬಳಿ ಇದ್ದದ್ದು ಹತ್ತೊಂಬತ್ತು ಜೋಡಿ. ಮೂರನ್ನು ಆರಿಸಿಕೊಂಡು ಉಳಿದ ಹದಿನಾರನ್ನು ಶಾಲೆಯ ಬ್ಯಾಂಡಿನವರು ನಡೆಸುವ ಹಳೇ ಸಾಮಾನಿನ ಸಂತೆಗೆ ಕೊಡುವುದೆಂದು ತೀರ್ಮಾನವಾಗಿತ್ತು. ಅವನ ಸೊಂಟಕ್ಕೆ ಲೋಹದ ಕೀಲು ಹಾಕಿದ ಡಾಕ್ಟರು ಇನ್ನು ಸ್ಕೀ ಮಾತೇ ಎತ್ತಬೇಡಿ ಎಂದಿದ್ದರು. ಡಾಕ್ಟರ ಊರಿನಲ್ಲಿ ಬೆಟ್ಟವೇ ಇಲ್ಲ ಎಂದು ಇವನು ಅದನ್ನು ತಳ್ಳಿಹಾಕಿದ್ದ.

ಆರಿಸುವುದರಲ್ಲಿ ಮಾತ್ರ ಅವನಷ್ಟು ಬಲ್ಲವರು ನಮ್ಮ ಕಣಿವೆಯಲ್ಲಿ ಇರಲಿಲ್ಲ. ಅದನ್ನು ನಾನು ಒಪ್ಪಲೇಬೇಕು.

"ಆ ಉದ್ದನೇವು, ಸಪೂರನೇವು ಎಲ್ಲಾ ಸಂತೆಗೆ ಹೋಗ್ಲಿ. ಒಣ ಹಿಮದವರು ಇಟ್ಕೊಳ್ಳೋವು ಅವು. ನಮ್ಮ ಹಿಮ ಹಿಂಡಿದ್ರೆ ಬಕೆಟ್ ತುಂಬುತ್ತೆ. ಮೊದಲನೇದು ಆ ಅಗಲದ್ದು ಕೊಡು. ಮೂತಿ ಬಗ್ಗಿಸು. ಬಗ್ಗುತ್ತಾ? ಮೂತಿ ಮೆತ್ತಗಿದ್ರೇನೇ ಹಸಿ ಹಿಮದಲ್ಲಿ ಮೇಲೇಳೋದು, ಇಲ್ದಿದ್ರೆ ಹಂದಿ ಥರ ಕೆಸರಿಗೆ ನುಗ್ಗುತ್ತೆ. ಎರಡನೇದು ಆ ಗಿಡ್ಡದ್ದು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎಲ್ಲಾ ಗಂಜಿ ಆದಾಗ ತಿರುಗಿಸೋಕೆ ಅದೇ ಬೇಕು."

ಎರಡನ್ನೂ ಗೋಡೆಗೆ ಒರಗಿಸಿದೆ. ಉಳಿದದ್ದು ಮೂರನೆಯದು. ರಾತ್ರಿ ಮಳೆ ಬಿದ್ದು ಬೆಳಗ್ಗೆ ಹೆಪ್ಪುಗಟ್ಟಿ, ಇಡೀ ಬೆಟ್ಟ ಗಾಜಾಗುವ ದಿನಗಳಿಗೆ. ಅಂಥ ದಿನಕ್ಕೆ ಅಂಚಿನುದ್ದಕ್ಕೂ ಉಕ್ಕಿನ ಪಟ್ಟಿ ಇರುವ ಸ್ಕೀ ಬೇಕು. ಅಂಥವು ಎರಡು ಜೋಡಿ ಇದ್ದವು. ನಾನು ಎರಡನ್ನೂ ಅವನ ಕಾಲಬಳಿ ಅಕ್ಕಪಕ್ಕ ಇಟ್ಟೆ.

ಒಂದು, ಅವನಿಗೆ ಎಪ್ಪತ್ತು ತುಂಬಿದಾಗ ಊರಿನ ಸ್ಕೀ ಸಂಘ ಕೊಟ್ಟದ್ದು. ಕಾರ್ಖಾನೆಯದು, ಎರಡು ಸಲವೂ ಹಿಮ ಮುಟ್ಟಿರಲಿಲ್ಲ. ಇನ್ನೊಂದು ಹಳೆಯ ಮರದ್ದು. ಉಕ್ಕನ್ನು ತುಂಡು ತುಂಡಾಗಿ ತಿರುಪು ಹಾಕಿ ಕೂರಿಸಿದ್ದು, ಮೂತಿಯ ಮೇಲೆ ಕಾದ ಕಬ್ಬಿಣದಿಂದ ಸುಟ್ಟ ಗುರುತು. ಆ ಗುರುತು ಸ್ಕೋರ್ ಮನೆತನದ್ದು. ಸ್ಕೀ ಐವಿಂಡ್ ಸ್ಕೋರ್‌ನದು.

ಐವಿಂಡ್ ಸತ್ತು ಮೂವತ್ತೊಂದು ವರ್ಷ. ಅವನೂ ಓಸ್ಮುಂಡನೂ ಬೆಟ್ಟದ ಮೇಲಿನ ಗುಡಿಸಲಲ್ಲಿ ಒಂದು ರಾತ್ರಿ ಉಳಿದಿದ್ದರು. ಮಳೆ ಬಂದು ಹೆಪ್ಪುಗಟ್ಟಿತು. ಐವಿಂಡನ ಸ್ಕೀಗೆ ಉಕ್ಕಿನ ಅಂಚು, ಓಸ್ಮುಂಡನದಕ್ಕೆ ಇಲ್ಲ. ಪಾದದ ಅಳತೆ ಇಬ್ಬರದೂ ಒಂದೇ. ಬೆಳಗ್ಗೆ ಐವಿಂಡ್ ಅಂಚಿಲ್ಲದ ಸ್ಕೀ ಕಟ್ಟಿಕೊಂಡು ಇಳಿದ, ಜಾರಿದ, ಕಮರಿಯ ತಳದಲ್ಲಿ ಸಿಕ್ಕಿದ. ಪೊಲೀಸರ ಮುಂದೆ ಓಸ್ಮುಂಡ್ ಹೇಳಿದ್ದು ಇಷ್ಟು: ಹಗುರ ಸ್ಕೀ ಬೇಕೆಂದು ಐವಿಂಡನೇ ಅದಲುಬದಲು ಮಾಡಿಕೊಂಡ, ನಾನು ಬೇಡವೆಂದೆ, ಅವನು ಕೇಳಲಿಲ್ಲ. ಅಂದಿನಿಂದ ಯಾರಾದರೂ ಪೆದ್ದುತನದ ವ್ಯವಹಾರ ಮಾಡಿದರೆ ನಮ್ಮ ಕಣಿವೆಯಲ್ಲಿ ಅದನ್ನು 'ಐವಿಂಡ್ ವ್ಯಾಪಾರ' ಎನ್ನುತ್ತಾರೆ. ಶಾಲೆಯ ಮಕ್ಕಳೂ ಎನ್ನುತ್ತಾರೆ.

ಅವನ ತಾಯಿ ಆ ಸ್ಕೀ ಕೇಳಿಕೊಂಡು ಒಮ್ಮೆ ನಮ್ಮ ಮನೆಗೆ ಬಂದಿದ್ದಳು. ಒಪ್ಪಿ ಮಾಡಿದ ವ್ಯಾಪಾರ, ಸತ್ತ ಮೇಲೆ ಮುರಿಯೋಕಾಗುತ್ತಾ ಎಂದು ಓಸ್ಮುಂಡ್ ಅವಳನ್ನು ಬರಿಗೈಯಲ್ಲಿ ಕಳಿಸಿದ. ಮಗನನ್ನು ಪೆದ್ದನೆಂದು ಬೈಯುತ್ತಲೇ ಆಕೆ ಸತ್ತಳು.

ನಿಜ ನನಗೆ ಗೊತ್ತಿತ್ತು. ಆ ದಿನ ನಾನು ಆಡಿನ ಹಾಲು ಕರೆಯುತ್ತಿದ್ದಾಗ, ಇನ್ನೂ ಏಳು ಗಂಟೆಯಾಗಿರದ ಹೊತ್ತಿನಲ್ಲಿ, ಓಸ್ಮುಂಡ್ ಐವಿಂಡನ ಸ್ಕೀ ಹೆಗಲಿಗೆ ಹಾಕಿಕೊಂಡು ಒಳಗೆ ಬಂದ. "ಅವ್ನಿನ್ನೂ ಗೊರಕೆ ಹೊಡೀತಿದಾನೆ. ಎದ್ದು ನನ್ನ ಹಲಗೆ ನೋಡಿದಾಗ ಅವನ ಮುಖ ನೋಡ್ಬೇಕಿತ್ತು!" ಎಂದು ನಕ್ಕ. ನಾನೂ ನಕ್ಕೆ. ಅದು ಹೇಳಲೇಬೇಕಾದ ಮಾತು. ನಾನೂ ನಕ್ಕೆ.

ಇಪ್ಪತ್ತೆರಡು ವರ್ಷದ ಹಿಂದೆ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಯಾರಿಗಾದರೂ ಒಂದು ಪತ್ರ ಬರೆದು ತನ್ನಿ ಎಂದರು ಮೇಡಂ. ಐವಿಂಡನ ತಾಯಿಗೆ ಬರೆದೆ, ಎಲ್ಲವನ್ನೂ ಬರೆದೆ. ಮೇಡಂಗೆ ತೋರಿಸಿದ್ದು ಬೇರೆ ಪತ್ರ. ಇದಕ್ಕೆ ಅಂಚೆಚೀಟಿ ಹಚ್ಚಿ, ಲೆಫ್ಸೆ ರೊಟ್ಟಿ ಲಟ್ಟಿಸುವ ಹಲಗೆಯ ಹಿಂದೆ ಸಿಕ್ಕಿಸಿಟ್ಟೆ. ಓಸ್ಮುಂಡನ ಕೈ ಎಂದೂ ಹೋಗದ ಜಾಗ ಅದು.

ಈ ಮೂರು ಕೊಕ್ಕೆಯ ಸುದ್ದಿ ಬಂದ ದಿನವೇ ನನ್ನಲ್ಲೇ ಒಂದು ನಿಶ್ಚಯ ಮಾಡಿಕೊಂಡಿದ್ದೆ. ಐವಿಂಡನ ಜೋಡಿಯನ್ನು ಅವನು ಬಿಟ್ಟುಕೊಟ್ಟರೆ ಪತ್ರ ಒಲೆಗೆ. ಇಟ್ಟುಕೊಂಡರೆ ಅಂಚೆಗೆ. ಬಿಟ್ಟುಕೊಡುವುದನ್ನು ಎಷ್ಟು ಸುಲಭ ಮಾಡಬಹುದೋ ಅಷ್ಟು ಮಾಡಿದ್ದೆ. ಹೊಸ ಜೋಡಿಯನ್ನು ಒರೆಸಿ ಹೊಳೆಯುವಂತೆ ಮಾಡಿ ಅವನ ಬಲಗೈ ಕಡೆಗೇ ಇಟ್ಟಿದ್ದೆ.

"ಸಂಘದವರು ಕೊಟ್ಟಿದ್ದು ಚೆನ್ನಾಗಿದೆ," ಎಂದೆ. "ಅಂಚು ಕೂದಲು ಸೀಳೋ ಹಾಗಿದೆ."

"ಹೂಂ," ಎಂದ. ಊರುಗೋಲು ಒಂದರಿಂದ ಇನ್ನೊಂದಕ್ಕೆ ಹೋಗಿ ಬಂತು.

ಆಗಲೇ ಅಂಗಳದಲ್ಲಿ ವ್ಯಾನು ನಿಂತಿತು. ಸಂತೆಗೆ ಸಾಮಾನು ಒಟ್ಟುಮಾಡುವ ಸರದಿ ಆ ವಾರ ಯೂರಿಡಳದು. ಐವಿಂಡನ ತಂಗಿ. ನೆನೆದ ಟೋಪಿ ಕೊಡವುತ್ತ ಒಳಗೆ ಬಂದಳು. ಅವಳು ವೃದ್ಧರ ವಸತಿಗೆ ಸೇರಿ ಎರಡು ವರ್ಷವಾಗಿತ್ತು. ನೆಲಮಾಳಿಗೆಯಲ್ಲಿ ನಮ್ಮ ಗೂಡಿನ ಪಕ್ಕದ್ದೇ ಅವಳದು.

"ಬಾ ಬಾ ನೆರೆಮನೆಯವಳೇ," ಎಂದ ಓಸ್ಮುಂಡ್. "ಹದಿನಾರು ಜೋಡಿ. ಎಣಿಸ್ಕೊಂಡು ಹೋಗು. ಯಾರ ಜೊತೆನೂ ಬದಲಾಯಿಸ್ಕೋಬೇಡ. ನಿಮ್ಮ ಮನೆಯವರಿಗೆ ಅದು ಒಗ್ಗಲ್ಲ."

ಯೂರಿಡ್ ನಕ್ಕಳು. ಮೂವತ್ತೊಂದು ವರ್ಷದಿಂದ ಆ ಮಾತಿಗೆ ನಕ್ಕು ನಕ್ಕು ಅವಳ ತುಟಿ ತಾನಾಗಿ ಆ ಆಕಾರಕ್ಕೆ ಬರುತ್ತಿತ್ತು. ಸ್ಕೀಗಳನ್ನು ಎರಡೆರಡಾಗಿ ಹೊತ್ತು ವ್ಯಾನಿಗೆ ಹಾಕಿದಳು. ನಾನೂ ಕೈ ಜೋಡಿಸಿದೆ. ಹದಿನೈದಾದ ಮೇಲೆ ಅವಳು ಓಸ್ಮುಂಡನ ಕಾಲಬಳಿ ಇದ್ದ ಎರಡು ಜೋಡಿ ನೋಡಿ ನಿಂತಳು.

"ಇವೆರಡರಲ್ಲಿ ಯಾವ್ದು ನಂಗೆ?"

"ಯಾವ್ದು ಬೇಕು?"

"ಹಳೇದು ಕೊಟ್ರೆ…" ಎಂದು ತಡೆದಳು. "ಸಂತೆಗೆ ಹಾಕಲ್ಲ. ನಾನೇ ಇಟ್ಕೋತೀನಿ. ಅದಕ್ಕೆ ಬದಲು ಏನಾದ್ರೂ ಕೊಡ್ತೀನಿ."

"ನೋಡಿದ್ಯಾ ಬೋರ್ಗಿಲ್, ರಕ್ತ ಎಲ್ಲಿಗೆ ಹೋಗುತ್ತೆ! ಇವಳಿಗೂ ಅದಲುಬದಲಿನ ಹುಚ್ಚು."

"ಕೊಡು ಓಸ್ಮುಂಡ್," ಎಂದೆ. "ನೀನು ಇನ್ನು ಯಾವ ಬೆಟ್ಟ ಹತ್ತಬೇಕು?"

ಅವನು ಬಗ್ಗಿ, ನೋವಿಗೆ ಹಲ್ಲು ಕಚ್ಚಿ, ಹಳೆಯ ಜೋಡಿಯನ್ನು ತಾನೇ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಹೆಬ್ಬೆರಳಿನಿಂದ ಉಕ್ಕಿನ ಅಂಚು ಸವರಿದ. ಅಷ್ಟು ಮೃದುವಾಗಿ ಅವನು ನಮ್ಮ ಮನೆಯಲ್ಲಿ ಯಾರನ್ನೂ ಸವರಿದ್ದಿಲ್ಲ.

"ಗಾಜಿನ ಮೇಲೆ ಇದರಷ್ಟು ಹಿಡಿತ ಯಾವುದಕ್ಕೂ ಇಲ್ಲ. ಹೊಸದು ತಗೊಂಡು ಹೋಗು. ಇದನ್ನ ಮೂರನೇ ಕೊಕ್ಕೆಗೆ ಹಾಕ್ತೀನಿ, ನಿನ್ನ ಬದಿಯ ಬಲೆಗೆ. ಆಲೂಗಡ್ಡೆ ತರೋಕೆ ಇಳಿದಾಗೆಲ್ಲಾ ನೋಡ್ಕೋ. ಮುಟ್ಟೋಕಂತೂ ಆಗಲ್ಲ, ನೋಡೋಕೇನು ಕಾಸು ಕೇಳಲ್ಲ."

ಯೂರಿಡ್ ಮತ್ತೆ ನಕ್ಕಳು. ಹೊಸ ಜೋಡಿಯನ್ನು ಹೆಗಲಿಗೇರಿಸಿ, "ಥ್ಯಾಂಕ್ಸ್ ಓಸ್ಮುಂಡ್, ಬ್ಯಾಂಡಿನ ಮಕ್ಕಳಿಗೆ ಖುಷಿ ಆಗುತ್ತೆ," ಎಂದಳು. ವ್ಯಾನಿನ ಬಾಗಿಲು ಎರಡು ಸಲ ಹಾಕಿದರೂ ಕೂರಲಿಲ್ಲ. ಮೂರನೆಯ ಸಲ ಕೂತಿತು.

"ಮುಖ ನೋಡಿದ್ಯಾ?" ಎಂದ ಓಸ್ಮುಂಡ್. "ತದ್ವತ್ ಅಣ್ಣನದೇ."

"ಅವನ ಮುಖ ನೀನು ನೋಡ್ಲೇ ಇಲ್ವಲ್ಲ," ಎಂದೆ. "ಅವನು ಏಳೋ ಮುಂಚೆನೇ ಬಂದಿದ್ದೆ."

ಊರುಗೋಲು ನಿಂತಿತು. ಆಮೇಲೆ, "ಕಾಫಿ ಇಡು," ಎಂದ.

ಕಾಫಿ ಇಟ್ಟೆ. ಕಂದು ಚೀಸಿನ ಜೊತೆ ಎರಡು ತುಂಡು ಬ್ರೆಡ್ ಕೊಟ್ಟೆ. ತಿಂದು ಸೋಫಾದ ಮೇಲೆ ಮಲಗಿದ. ಗೊರಕೆ ಶುರುವಾದ ಮೇಲೆ ಲಟ್ಟಿಸುವ ಹಲಗೆಯ ಹಿಂದಿನಿಂದ ಪತ್ರ ತೆಗೆದೆ. ಲಕೋಟೆಯ ಮೇಲಿದ್ದ ತಾಯಿಯ ಹೆಸರು ಹೊಡೆದುಹಾಕಿ ಮಗಳ ಹೆಸರು, ವೃದ್ಧರ ವಸತಿಯ ವಿಳಾಸ ಬರೆದೆ. ಹಳೆಯ ಅಂಚೆಚೀಟಿ ಈಗಿನ ದರಕ್ಕೆ ಸಾಲದು, ಪಕ್ಕದಲ್ಲಿ ಇನ್ನೆರಡು ಹಚ್ಚಿದೆ. ಅಂಟು ಒಣಗಿ ಲಕೋಟೆಯ ಬಾಯಿ ತಾನಾಗಿಯೇ ಬಿಟ್ಟುಕೊಂಡಿತ್ತು. ಹಾಗಾಗಿ ಕಾಗದ ಹೊರತೆಗೆದು, 'ನಾನೂ ನಕ್ಕೆ' ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನಮ್ಮ ಗೂಡಿನ ಬೀಗದ ಕೈ ಎರಡಿವೆ, ಒಂದನ್ನು ಇದರೊಳಗೆ ಇಟ್ಟಿದ್ದೇನೆ.

ಲಕೋಟೆಗೆ ಟೇಪು ಸುತ್ತಿ ದೋಣಿಕಟ್ಟೆಯವರೆಗೆ ನಡೆದೆ. ಹಸಿ ಹಿಮ ಬೂಟಿನ ಅಡಿಗೆ ಮುದ್ದೆ ಮುದ್ದೆಯಾಗಿ ಕಟ್ಟುತ್ತಿತ್ತು. ಎರಡು ಸಲ ನಿಂತು ಒದ್ದು ಬೀಳಿಸಿಕೊಂಡೆ. ಗುರುವಾರ ಯೂರಿಡಳ ಕೈಗೆ ಸಿಗುತ್ತದೆ, ಶುಕ್ರವಾರ ನಾವು ಹೋಗುತ್ತೇವೆ. ನೆಲಮಾಳಿಗೆಯ ಮೆಟ್ಟಿಲಲ್ಲಿ ಇವನನ್ನು ಹಿಡಿದುಕೊಂಡು ನಾನೇ ಇಳಿಸಬೇಕು.

ಕೆಂಪು ಡಬ್ಬಿಯ ಬಾಯಿಗೆ ಹಿಮ ಮೆತ್ತಿಕೊಂಡಿತ್ತು. ತೋಳಿನಿಂದ ಒರೆಸಿ, ಪತ್ರವನ್ನು ಒಳಗೆ ತಳ್ಳಿದೆ. ಬೀಗದ ಕೈ ತಳಕ್ಕೆ ತಗುಲಿ ಠಣ್ ಎಂದಿತು.